ಕಷ್ಟದ ಪುಸ್ತಕಕ್ಕೊಬ್ಬ ಓದಿನ ಜೊತೆಗಾರ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಆರು ವರ್ಷದಿಂದ ಒಬ್ಬರ ಜೊತೆ ಕೂತು ಪುಸ್ತಕ ಓದುತ್ತಿದ್ದೇನೆ. ನಾನು ಶಿವಮೊಗ್ಗದಲ್ಲಿ ಅಂಗಡಿಗಳ ಲೆಕ್ಕಪತ್ರ ಬರೆಯುವವಳು. ಅವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಾವು ಓದುವುದು ಕಥೆ, ಕಾದಂಬರಿ ಅಲ್ಲ. ಇತಿಹಾಸ, ಅರ್ಥಶಾಸ್ತ್ರ, ವಿಜ್ಞಾನ, ಸಮಾಜ. ಒಬ್ಬರೇ ಕೂತರೆ ಐವತ್ತನೇ ಪುಟಕ್ಕೆ ನಿಂತುಹೋಗುವ ಥರದ ಪುಸ್ತಕಗಳು. ವಿಷಯ ಗೊತ್ತಾದವರೆಲ್ಲ ಏನಾದರೊಂದು ಕೇಳುತ್ತಾರೆ. "ನನಗೂ ಅಂಥವರೊಬ್ಬರು ಬೇಕು, ಎಲ್ಲಿ ಸಿಗ್ತಾರೆ?" ಅನ್ನುವವರೇ ಜಾಸ್ತಿ. ಅವರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಓದುವುದು ಒಬ್ಬರೇ ಮಾಡುವ ಕೆಲಸ ಅಲ್ವಾ? ಜೊತೆ ಯಾಕೆ ಬೇಕು?

ಕಾದಂಬರಿಗೆ ಬೇಡ ಅನ್ನಬಹುದು. ಕಷ್ಟದ ಪುಸ್ತಕದ ವಿಷಯ ಬೇರೆ. ಅರ್ಥವಾಗದ ಪುಟ ಬಂದಾಗ ಕಣ್ಣು ಸುಮ್ನೆ ಮುಂದಕ್ಕೆ ಓಡುತ್ತದೆ. ಅರ್ಥವಾಯಿತು ಅಂದುಕೊಂಡು ಹಾಳೆ ತಿರುವುತ್ತೇವೆ. ಭಾನುವಾರ ಇನ್ನೊಬ್ಬರ ಎದುರು ಅದನ್ನು ಬಾಯಿಬಿಟ್ಟು ಹೇಳಬೇಕಾದಾಗ ಮಾತು ತಡವರಿಸುತ್ತದೆ. ಎಲ್ಲಿ ತಡವರಿಸಿತೋ ಅಲ್ಲಿ ತಿಳಿದಿಲ್ಲ ಅಂತ ಅರ್ಥ.

ಇದು ನಮಗೆ ಹೊಸತಲ್ಲ. ಗಮಕವನ್ನೇ ನೋಡಿ. ಒಬ್ಬರು ಕುಮಾರವ್ಯಾಸನ ಪದ್ಯಗಳನ್ನು ವಾಚನ ಮಾಡುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಹೇಳುತ್ತಾರೆ. ನಮ್ಮೂರಿನ ಹತ್ತಿರದ ಮತ್ತೂರು, ಹೊಸಹಳ್ಳಿಗಳು ಇದಕ್ಕೆ ಹೆಸರುವಾಸಿ. ನಡುಗನ್ನಡ ಓದಲು ಬಾರದವರೂ ಕೂತು ಕೇಳಿ ಅರ್ಥ ಮಾಡಿಕೊಂಡು ಮನೆಗೆ ಹೋಗುತ್ತಾರೆ. ನಾನು ಮತ್ತು ಮೇಷ್ಟ್ರು ಮಾಡುತ್ತಿರುವುದೂ ಹೆಚ್ಚುಕಡಿಮೆ ಅದೇ. ರಾಗ ಇಲ್ಲ, ಅಷ್ಟೇ.

ಎಂಥವರನ್ನು ಹುಡುಕಬೇಕು? ತುಂಬಾ ಓದಿಕೊಂಡವರನ್ನೇ?

ಇದೇ ಮುಖ್ಯ ಪ್ರಶ್ನೆ. ಹೆಚ್ಚಿನವರು ಎಡವುವುದು ಇಲ್ಲೇ. ನಾನೂ ಎಡವಿದೆ.

ಮೊದಲು ನಾನು ಹುಡುಕಿದ್ದು ತುಂಬಾ ಓದಿಕೊಂಡವರನ್ನು. ಒಬ್ಬರು ಸಿಕ್ಕರು. ಒಂದು ಪ್ಯಾರಾ ಅರ್ಥವಾಗಲಿಲ್ಲ ಅಂದರೆ ಇಪ್ಪತ್ತು ನಿಮಿಷ ಮಾತಾಡುತ್ತಿದ್ದರು. ಆದರೆ ಆ ಪ್ಯಾರಾದ ಬಗ್ಗೆ ಅಲ್ಲ, ತಾವು ಓದಿದ ಬೇರೆ ಹತ್ತು ಪುಸ್ತಕಗಳ ಬಗ್ಗೆ. ಮೂರು ತಿಂಗಳಾಗುವ ಹೊತ್ತಿಗೆ ನಾನು ಕೇಳುವುದನ್ನೇ ಬಿಟ್ಟಿದ್ದೆ. ತಲೆ ಆಡಿಸಿ ಬರುತ್ತಿದ್ದೆ. ಅವರು ಕೆಟ್ಟವರಲ್ಲ. ಆದರೆ ಅದು ಜೊತೆ ಓದಾಗಿರಲಿಲ್ಲ, ಟ್ಯೂಷನ್ ಆಗಿತ್ತು.

ಮೇಷ್ಟ್ರು ಸಿಕ್ಕಿದ್ದು ಆಮೇಲೆ. ಮೊದಲ ದಿನವೇ ಅವರು ಪುಸ್ತಕ ತೆರೆದು, ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಜಾಗ ತೋರಿಸಿ, "ಇದು ನನಗೆ ತಿಳೀಲಿಲ್ಲ ಕಣಮ್ಮ, ಮೂರು ಸಲ ಓದಿದೆ" ಅಂದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವರು ಹಾಗಂದರು. ನನಗೂ ಅದು ತಿಳಿದಿರಲಿಲ್ಲ. ನಾನು ಗಮನಿಸದೆ ದಾಟಿಹೋಗಿದ್ದೆ. ಅವತ್ತು ಆ ಅರ್ಧ ಪುಟದ ಮೇಲೆ ಒಂದು ಗಂಟೆ ಕೂತೆವು. ಮನೆಗೆ ನಡೆದುಕೊಂಡು ಬರುವಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ಹಾಗಾಗಿ ನನ್ನ ಉತ್ತರ ಇಷ್ಟು: "ನನಗೆ ಅರ್ಥವಾಗಲಿಲ್ಲ" ಅಂತ ಸಂಕೋಚವಿಲ್ಲದೆ ಹೇಳುವವರನ್ನು ಹುಡುಕಿ. ಡಿಗ್ರಿ, ವಯಸ್ಸು, ಕೆಲಸ, ಇಷ್ಟದ ಲೇಖಕರು ಎಲ್ಲ ಆಮೇಲೆ. ನಿಮ್ಮ ಅಭಿಪ್ರಾಯವೇ ಅವರದ್ದೂ ಆಗಿರಬೇಕಿಲ್ಲ. ಸ್ವಲ್ಪ ಬೇರೆಯಾಗಿದ್ದರೆ ಒಳ್ಳೆಯದೇ.

ಇನ್ನೊಂದು ವಿಷಯ ಬಿಡುವು. ಇಬ್ಬರಿಗೂ ವಾರದಲ್ಲಿ ಒಂದೇ ಹೊತ್ತಿಗೆ ಒಂದೂವರೆ ಗಂಟೆ ಸಿಗಬೇಕು. ಎಷ್ಟೇ ಒಳ್ಳೆಯವರಾದರೂ ಇದು ಕೂಡಿಬರದಿದ್ದರೆ ನಡೆಯುವುದಿಲ್ಲ.

ಅಂಥವರು ಎಲ್ಲಿ ಸಿಗುತ್ತಾರೆ?

ನನಗೆ ಮೇಷ್ಟ್ರನ್ನು ತೋರಿಸಿಕೊಟ್ಟಿದ್ದು ಗ್ರಂಥಾಲಯದ ಸಿಬ್ಬಂದಿ. "ನೀವು ವಾಪಸ್ ಕೊಡ್ತಿದ್ದೀರಲ್ಲ, ಇದನ್ನೇ ಒಬ್ಬರು ಎರಡು ಸಲ ತಗೊಂಡು ಹೋಗಿದ್ರು" ಅಂದರು. ಒಂದೇ ಪುಸ್ತಕವನ್ನು ಎರಡು ಸಲ ಒಯ್ಯುವವರು ಅಂದರೆ ಅದರ ಜೊತೆ ಗುದ್ದಾಡುತ್ತಿರುವವರು. "ಅವರನ್ನು ಕೇಳಿ, ಒಪ್ಪಿದರೆ ಮಾತ್ರ ಪರಿಚಯ ಮಾಡಿಸಿ" ಅಂದೆ. ನಿಮ್ಮ ಗ್ರಂಥಾಲಯದಲ್ಲೂ ಹೀಗೇ ಹೇಳಿ. ಒಂದು ಚೀಟಿ ಬರೆದುಕೊಟ್ಟು ಬನ್ನಿ.

ಬೆಂಗಳೂರಿನಲ್ಲಿದ್ದರೆ ಜಾಗಗಳು ಜಾಸ್ತಿ. ಡಿ.ವಿ.ಜಿ. 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಎನ್.ಆರ್. ಕಾಲೊನಿಯಲ್ಲಿದೆ. ಡಿ.ವಿ.ಜಿ. ಅಲ್ಲಿ ಯುವಕರನ್ನು ಕೂರಿಸಿಕೊಂಡು ಅಧ್ಯಯನ ಗೋಷ್ಠಿ ನಡೆಸುತ್ತಿದ್ದರು. ಒಟ್ಟಿಗೆ ಕೂತು ಗಟ್ಟಿ ಪುಸ್ತಕ ಓದುವ ಅಭ್ಯಾಸಕ್ಕೆ ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. ಬಸವನಗುಡಿಯ ಬಿ.ಪಿ. ವಾಡಿಯ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಕೂಡ ಅದೇ ವರ್ಷ ಶುರುವಾದದ್ದು. ಅಲ್ಲಿ ಗ್ರಂಥಾಲಯವೂ ಇದೆ, ಉಪನ್ಯಾಸಗಳೂ ನಡೆಯುತ್ತವೆ.

ಉಪನ್ಯಾಸಕ್ಕೆ ಹೋದರೆ ಭಾಷಣ ಮುಗಿದ ಮೇಲೆ ಎದ್ದು ಬರಬೇಡಿ. ಪ್ರಶ್ನೆ ಕೇಳುವವರನ್ನು ಗಮನಿಸಿ. ಕೆಲವರು ಪ್ರಶ್ನೆಯ ಹೆಸರಿನಲ್ಲಿ ತಮ್ಮದೇ ಭಾಷಣ ಮಾಡುತ್ತಾರೆ. ಒಬ್ಬಿಬ್ಬರು ಮಾತ್ರ ನಿಜವಾಗಿ ಗೊತ್ತಿಲ್ಲದ್ದನ್ನು ಕೇಳುತ್ತಾರೆ. ಹೊರಗೆ ಬಂದಾಗ ಅವರನ್ನು ಮಾತಾಡಿಸಿ.

ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಜನ ಚಾಪೆ ಹಾಸಿಕೊಂಡು ತಮ್ಮ ಪಾಡಿಗೆ ಓದುವ 'ಕಬ್ಬನ್ ರೀಡ್ಸ್' ನೀವು ಕೇಳಿರಬಹುದು. ಅಲ್ಲಿ ಓದು ಮೌನವಾಗಿ ನಡೆಯುತ್ತದೆ, ಚರ್ಚೆಗಾಗಿ ಅಲ್ಲ. ಆದರೆ ಯಾರ ಕೈಯಲ್ಲಿ ಯಾವ ಪುಸ್ತಕ ಇದೆ ಅಂತ ಕಣ್ಣಿಗೆ ಕಾಣುತ್ತದೆ. ಇಂಥ ಸಭೆಗಳು ಬೇರೆ ಊರುಗಳಲ್ಲೂ ಶುರುವಾಗಿವೆ.

ನಮ್ಮ ಕಡೆಯವರಿಗೆ ಹೆಗ್ಗೋಡು ಇದೆ. 1949ರಲ್ಲಿ ಶುರುವಾದ ನೀನಾಸಮ್, ನಾಟಕದ ಜೊತೆಗೆ ಸಂಸ್ಕೃತಿ ಶಿಬಿರಗಳನ್ನೂ ನಡೆಸಿಕೊಂಡು ಬಂದಿದೆ. ಅಲ್ಲಿ ಊಟದ ಸಾಲಿನಲ್ಲಿ ನಿಂತಾಗ ಶುರುವಾದ ಮಾತು ವರ್ಷಗಟ್ಟಲೆ ಮುಂದುವರಿದದ್ದನ್ನು ನಾನು ನೋಡಿದ್ದೇನೆ.

ನಮ್ಮದು ಚಿಕ್ಕ ಊರು. ಇಂಥದ್ದೇನೂ ಇಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯ ಇದ್ದೇ ಇರುತ್ತದೆ. ಈಗ ಅದಕ್ಕೆ 'ಅರಿವು ಕೇಂದ್ರ' ಅನ್ನುತ್ತಾರೆ. ಸಂಜೆ ಅಲ್ಲಿಗೆ ಬರುವವರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಜಾಸ್ತಿ. ಅವರಿಗೆ ಇತಿಹಾಸ, ಅರ್ಥಶಾಸ್ತ್ರ, ಸಂವಿಧಾನ ಎಲ್ಲ ಪರಿಚಯ ಇರುತ್ತದೆ. ಪರೀಕ್ಷೆ ಹತ್ತಿರ ಇದ್ದಾಗ ಅವರನ್ನು ಎಳೆಯಬೇಡಿ. ಮುಗಿದ ಮೇಲೆ ಕೇಳಿ. ಅಂಕದ ಚಿಂತೆ ಇಲ್ಲದೆ ಅದೇ ವಿಷಯ ಓದುವುದು ಎಷ್ಟು ಹಿತವಾಗಿರುತ್ತದೆ ಅಂತ ಅವರಿಗೂ ಗೊತ್ತಾಗುತ್ತದೆ.

ಪಿಯು ಕಾಲೇಜಿನ ಲೆಕ್ಚರರ್, ಪಶುವೈದ್ಯರು, ಪೋಸ್ಟ್ ಮಾಸ್ಟರ್, ಸಹಕಾರ ಸಂಘದ ಕಾರ್ಯದರ್ಶಿ, ಹೀಗೆ ಪ್ರತಿ ಊರಿನಲ್ಲೂ ಮನೆಯಲ್ಲಿ ಒಂದು ಕಪಾಟು ಪುಸ್ತಕ ಇಟ್ಟುಕೊಂಡವರು ಒಬ್ಬರಾದರೂ ಇರುತ್ತಾರೆ. ಅವರ ಜೊತೆ ಪುಸ್ತಕದ ಬಗ್ಗೆ ಮಾತಾಡಿದವರೇ ಇರುವುದಿಲ್ಲ.

ಕೇಳುವುದು ಹೇಗೆ? ಮುಜುಗರ ಆಗುತ್ತದೆ.

"ನಾವಿಬ್ಬರೂ ಓದಿನ ಜೊತೆಗಾರರಾಗೋಣವಾ" ಅಂತ ಕೇಳಬೇಡಿ. ಅದು ದೊಡ್ಡ ಮಾತಾಗುತ್ತದೆ, ಎದುರಿನವರು ಹಿಂಜರಿಯುತ್ತಾರೆ. ಒಂದು ಅಧ್ಯಾಯ ಅಷ್ಟೇ ಕೇಳಿ. ನಾನು ಮೇಷ್ಟ್ರಿಗೆ ಕಳಿಸಿದ ಮೊದಲ ಮೆಸೇಜ್ ಹೀಗಿತ್ತು: "ಸರ್, ಈ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ನೀವೂ ಓದಿದ್ದೀರಿ ಅಂತ ಗೊತ್ತಾಯಿತು. ಭಾನುವಾರ ಒಂದು ಗಂಟೆ ಸಿಗುತ್ತದಾ? ಆ ಅಧ್ಯಾಯ ಒಂದೇ." ಪುಸ್ತಕ, ಅಧ್ಯಾಯ, ದಿನ, ಎಷ್ಟು ಹೊತ್ತು ಅಂತ ನಾಲ್ಕೂ ಹೇಳಿದರೆ ಹೂಂ ಅನ್ನುವುದು ಸುಲಭ, ಬೇಡ ಅನ್ನುವುದೂ ಸುಲಭ.

ಪರಿಚಯ ಇಲ್ಲದವರನ್ನು ಭೇಟಿಯಾಗುವುದು ಸರಿಯೇ?

ಮೊದಲ ಕೆಲವು ಸಲ ಗ್ರಂಥಾಲಯ, ಹೋಟೆಲ್, ಪಾರ್ಕ್ ಹೀಗೆ ನಾಲ್ಕು ಜನ ಓಡಾಡುವ ಕಡೆ, ಹಗಲು ಹೊತ್ತಿನಲ್ಲಿ ಭೇಟಿಯಾಗಿ. ಮನೆಯಲ್ಲಿ ಹೇಳಿ ಹೋಗಿ. ಮನೆ ವಿಳಾಸ, ಕೆಲಸದ ವಿವರ ಎಲ್ಲ ಮೊದಲೇ ಕೊಡಬೇಕಿಲ್ಲ. ನಾನು ಮೇಷ್ಟ್ರ ಮನೆಗೆ ಮೊದಲು ಹೋಗಿದ್ದು ಐದು ತಿಂಗಳ ಮೇಲೆ, ಅವರ ಮನೆಯವರು ಊಟಕ್ಕೆ ಕರೆದಾಗ. ಮಾತು ಪುಸ್ತಕ ಬಿಟ್ಟು ನಿಮಗೆ ಹಿತವಲ್ಲದ ಕಡೆ ಹೋದರೆ ಕಾರಣ ಹೇಳದೆಯೂ ನಿಲ್ಲಿಸಬಹುದು. ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ.

ಗಂಡ ಅಥವಾ ಹೆಂಡತಿಯ ಜೊತೆಗೇ ಓದಬಹುದಲ್ವಾ?

ಓದಬಹುದು. ಆದರೆ ಹೊತ್ತು ಗೊತ್ತು ಮಾಡಿ. ಇಲ್ಲದಿದ್ದರೆ ಅಧ್ಯಾಯದ ನಡುವೆ ಗ್ಯಾಸ್ ಬುಕ್ ಮಾಡುವುದು ನೆನಪಾಗುತ್ತದೆ.

ಇಬ್ಬರೇ ಯಾಕೆ? ಒಂದು ಗುಂಪು ಮಾಡಿದರೆ?

ನಾನು ಒಮ್ಮೆ ಹದಿನಾಲ್ಕು ಜನರ ಗುಂಪಿನಲ್ಲಿದ್ದೆ. ಮೊದಲ ವಾರ ಹನ್ನೊಂದು ಜನ ಓದಿಕೊಂಡು ಬಂದರು. ಐದನೇ ವಾರ ಮೂರು ಜನ. ಗುಂಪಿನಲ್ಲಿ "ನಾನೊಬ್ಬಳು ಓದದಿದ್ದರೆ ಏನಾಯ್ತು" ಅನ್ನುವುದು ಎಲ್ಲರ ಮನಸ್ಸಿನಲ್ಲೂ ಬರುತ್ತದೆ. ಇಬ್ಬರೇ ಇದ್ದಾಗ ಅದಕ್ಕೆ ಜಾಗವಿಲ್ಲ. ನಾನು ಓದದೆ ಹೋದರೆ ಮೇಷ್ಟ್ರು ಬಂದದ್ದೂ ವ್ಯರ್ಥ. ಮೂವರು, ನಾಲ್ವರು ಇದ್ದರೂ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಅಧ್ಯಾಯದ ಸಾರಾಂಶ ಹೇಳುವುದರಲ್ಲೇ ಹೊತ್ತು ಹೋಗುತ್ತದೆ, ವಾಕ್ಯದ ಹತ್ತಿರ ಹೋಗಲು ಆಗುವುದಿಲ್ಲ.

ಯಾವ ಪುಸ್ತಕದಿಂದ ಶುರು ಮಾಡಲಿ?

ಚಿಕ್ಕದು, ಆದರೆ ಗಟ್ಟಿಯಾದದ್ದು. ಆರುನೂರು ಪುಟದ ಪುಸ್ತಕದಿಂದ ಶುರು ಮಾಡಬೇಡಿ.

ನಾನು ಎಲ್ಲರಿಗೂ ಹೇಳುವುದು ಅಂಬೇಡ್ಕರ್ ಅವರ 'ಜಾತಿ ವಿನಾಶ'. ಇಬ್ಬರು ಕೂತು ಓದುವುದಕ್ಕೆಂದೇ ಇದ್ದಂತಿದೆ. ಇದು ಜಾತಿ ಹೋಗಬೇಕು ಅನ್ನುತ್ತಿದ್ದ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅನ್ನುವ ಸಂಘದ ಸಮ್ಮೇಳನಕ್ಕೆ ಅಧ್ಯಕ್ಷ ಭಾಷಣವಾಗಿ ಬರೆದದ್ದು. ಭಾಷಣದ ಪ್ರತಿ ನೋಡಿ ಸಂಘಟಕರು ಬದಲಾವಣೆ ಕೇಳಿದರು. ಅಂಬೇಡ್ಕರ್ ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಆಡದೇ ಉಳಿದ ಭಾಷಣವನ್ನು ಅವರು 1936ರಲ್ಲಿ ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದರು. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಅದಕ್ಕೆ ಉತ್ತರ ಬರೆದರು. 1937ರ ಎರಡನೇ ಆವೃತ್ತಿಯಲ್ಲಿ ಅಂಬೇಡ್ಕರ್ ಗಾಂಧೀಜಿಯ ಆಕ್ಷೇಪಗಳನ್ನೂ ಸೇರಿಸಿ, ಅದಕ್ಕೆ ತಮ್ಮ ಉತ್ತರವನ್ನೂ ಕೊಟ್ಟರು. ಪುಸ್ತಕದೊಳಗೇ ಒಂದು ವಾದ ಇದೆ, ಪ್ರತಿವಾದ ಇದೆ, ಮರು ಉತ್ತರ ಇದೆ. ನಾವು ಒಬ್ಬೊಬ್ಬರು ಒಂದೊಂದು ಕಡೆ ಹಿಡಿದು ಓದಿದೆವು. ಮುಂದಿನ ವಾರ ಕಡೆ ಬದಲಿಸಿದೆವು. ನನಗೆ ಒಪ್ಪಿಗೆ ಇಲ್ಲದ ಮಾತನ್ನು ಪೂರ್ತಿ ಬಲದಿಂದ ಹೇಳಬೇಕಾಗಿ ಬಂದಾಗಲೇ ಅದು ಎಲ್ಲಿ ಸಡಿಲ, ಎಲ್ಲಿ ಬಿಗಿ ಅಂತ ಗೊತ್ತಾಯಿತು.

ಗಾಂಧೀಜಿಯ 'ಹಿಂದ್ ಸ್ವರಾಜ್' ಕೂಡ ಚಿಕ್ಕದೇ, ಇಪ್ಪತ್ತು ಅಧ್ಯಾಯ. 1909ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಾಕ್ಕೆ ಹೊರಟ ಹಡಗಿನಲ್ಲಿ, ಹತ್ತೇ ದಿನದಲ್ಲಿ ಬರೆದದ್ದು. ಇಡೀ ಪುಸ್ತಕ ಒಬ್ಬ ಓದುಗ ಮತ್ತು ಒಬ್ಬ ಸಂಪಾದಕನ ಮಾತುಕತೆ. ಒಬ್ಬರು ಓದುಗನ ಮಾತು, ಒಬ್ಬರು ಸಂಪಾದಕನ ಮಾತು ಅಂತ ಹಂಚಿಕೊಂಡು ಜೋರಾಗಿ ಓದಿ. ರೈಲು, ವಕೀಲರು, ವೈದ್ಯರ ಬಗ್ಗೆ ಬರೆದದ್ದು ಬಂದಾಗ ಚರ್ಚೆ ತಾನಾಗೇ ಶುರುವಾಗುತ್ತದೆ.

ಪುಸ್ತಕವೇ ಬೇಡ, ಮೊದಲು ಒಂದು ಸಲ ಕೂತು ನೋಡೋಣ ಅನ್ನುವವರು ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದು ಅಂಬೇಡ್ಕರ್ ಮಾಡಿದ ಭಾಷಣ ಓದಬಹುದು. ಸಂವಿಧಾನ ಸಭೆಯ ಚರ್ಚೆಗಳು ಉಚಿತವಾಗಿ ಸಿಗುತ್ತವೆ. ಜೆರಾಕ್ಸ್ ಮಾಡಿಸಿಕೊಂಡರೆ ಕೆಲವೇ ಹಾಳೆ. ಒಂದು ಸಂಜೆಗೆ ಸಾಕಾಗುತ್ತದೆ.

ವಾರಕ್ಕೆ ಎಷ್ಟು ಪುಟ?

ಇಪ್ಪತ್ತೈದರಿಂದ ಮೂವತ್ತು. ಕಷ್ಟದ ಅಧ್ಯಾಯವಾದರೆ ಹತ್ತು. ನಾವು ಡಾರ್ವಿನ್ನನ 1859ರ ಪುಸ್ತಕ, ಜೀವಜಾತಿಗಳ ಹುಟ್ಟಿನ ಬಗ್ಗೆ ಬರೆದದ್ದು, ವಾರಕ್ಕೊಂದು ಅಧ್ಯಾಯ ಅಂತ ಲೆಕ್ಕ ಹಾಕಿದ್ದೆವು. ಮೊದಲ ಆವೃತ್ತಿಯಲ್ಲಿ ಹದಿನಾಲ್ಕು ಅಧ್ಯಾಯ, ಹದಿನಾಲ್ಕು ವಾರ ಅಂದುಕೊಂಡೆವು. ನಾಲ್ಕನೇ ಅಧ್ಯಾಯ, ನೈಸರ್ಗಿಕ ಆಯ್ಕೆಯದ್ದು, ಒಂದಕ್ಕೇ ಮೂರು ವಾರ ಹಿಡಿಯಿತು. ಪುಸ್ತಕ ಮುಗಿಯಲು ಐದೂವರೆ ತಿಂಗಳು. ಲೆಕ್ಕ ತಪ್ಪಿದ್ದಕ್ಕೆ ಇಬ್ಬರಿಗೂ ಬೇಜಾರಾಗಲಿಲ್ಲ.

ಕೂತಾಗ ನಿಜವಾಗಿ ಏನು ಮಾಡುತ್ತೀರಿ?

ಬರುವ ಮುಂಚೆ ಇಬ್ಬರೂ ಓದಿರುತ್ತೇವೆ. ಓದುವಾಗ ಅಂಚಿನಲ್ಲಿ ಮೂರೇ ಗುರುತು ಹಾಕುತ್ತೇವೆ: ತಿಳಿಯದ ಕಡೆ ಪ್ರಶ್ನೆ ಚಿಹ್ನೆ, ಒಪ್ಪದ ಕಡೆ ಅಡ್ಡಗೆರೆ, ಬೇರೆ ಯಾವುದೋ ನೆನಪಾದ ಕಡೆ ಚುಕ್ಕಿ. ಕೂತ ಕೂಡಲೇ ಪ್ರಶ್ನೆ ಚಿಹ್ನೆಗಳಿಂದ ಶುರು. ಅಭಿಪ್ರಾಯ ಆಮೇಲೆ. ಈ ಕ್ರಮ ತಪ್ಪಿಸುವುದಿಲ್ಲ. ಲೇಖಕರು ಏನು ಹೇಳಿದ್ದಾರೆ ಅಂತಲೇ ತಿಳಿಯದೆ ಸರಿ, ತಪ್ಪು ಅಂತ ವಾದ ಮಾಡಿದರೆ ಅದು ಪುಸ್ತಕದ ಚರ್ಚೆ ಆಗುವುದಿಲ್ಲ.

ಇಬ್ಬರಿಗೂ ತಿಳಿಯದ ಪ್ಯಾರಾ ಬಂದರೆ ಒಬ್ಬರು ಜೋರಾಗಿ ಓದುತ್ತಾರೆ. ಇನ್ನೊಬ್ಬರು ಪುಸ್ತಕ ನೋಡದೆ ತಮ್ಮ ಮಾತಿನಲ್ಲಿ ಹೇಳುತ್ತಾರೆ. ಓದಿದವರು, "ಅದು ಹಾಗಿಲ್ಲ, ನೋಡಿ, ಇಲ್ಲಿ 'ಆದರೆ' ಅಂತಿದೆ" ಅನ್ನುತ್ತಾರೆ. ಮತ್ತೆ ಓದುತ್ತೇವೆ. ಎಷ್ಟೋ ಸಲ ಇಡೀ ಗಂಟು ಇದ್ದದ್ದು ಅಂಥ ಒಂದು ಪುಟ್ಟ ಪದದಲ್ಲಿ.

ಪುಸ್ತಕ ಇಂಗ್ಲಿಷಿನದು. ಚರ್ಚೆ ಕನ್ನಡದಲ್ಲಿ ಮಾಡಬಹುದೇ?

ಮಾಡಬಹುದು ಅಂತಲ್ಲ, ಮಾಡಲೇಬೇಕು ಅನ್ನುತ್ತೇನೆ. ಇಂಗ್ಲಿಷ್ ಪುಸ್ತಕವನ್ನು ಇಂಗ್ಲಿಷಿನಲ್ಲೇ ಚರ್ಚಿಸಿದರೆ ಲೇಖಕರ ಪದಗಳನ್ನೇ ತಿರುಗಿ ಹೇಳಿ ತಪ್ಪಿಸಿಕೊಳ್ಳಬಹುದು. ಕನ್ನಡದಲ್ಲಿ ಹೇಳಲು ಹೋದಾಗ ಅದು ಆಗುವುದಿಲ್ಲ.

ಒಂದು ಉದಾಹರಣೆ. ಅರ್ಥಶಾಸ್ತ್ರದ ಒಂದು ಪುಸ್ತಕದಲ್ಲಿ 'ಇನ್‌ಸ್ಟಿಟ್ಯೂಷನ್' ಅನ್ನುವ ಪದ ಪುಟಪುಟಕ್ಕೂ ಬರುತ್ತಿತ್ತು. ನಾನು ಸಂಸ್ಥೆ ಅಂದುಕೊಂಡು ಓದುತ್ತಿದ್ದೆ. ಬ್ಯಾಂಕು, ಕೋರ್ಟು, ಕಚೇರಿ ಅಂತ. ಮೇಷ್ಟ್ರು ತಡೆದರು. "ಹಾಗಾದರೆ ಮದುವೆಯನ್ನೂ ಇನ್‌ಸ್ಟಿಟ್ಯೂಷನ್ ಅಂತಾರಲ್ಲ, ಅದಕ್ಕೆ ಕಟ್ಟಡ ಎಲ್ಲಿದೆ?" ಅಂದರು. ಅರ್ಧ ಗಂಟೆ ಹುಡುಕಿದೆವು. ಆಸ್ತಿ ಹಕ್ಕು, ಜಾತಿ, ಸಾಲದ ಕರಾರು, ಎಲ್ಲವನ್ನೂ ಆ ಲೇಖಕರು ಅದೇ ಪದದಲ್ಲಿ ಕರೆಯುತ್ತಿದ್ದರು. ಜನ ಹೇಗೆ ನಡೆದುಕೊಳ್ಳಬೇಕು ಅಂತ ಗೊತ್ತುಮಾಡುವ ನಿಯಮ ಅನ್ನುವುದು ಅವರ ಅರ್ಥ. ಕೊನೆಗೆ 'ಕಟ್ಟುಪಾಡು' ಅನ್ನುವ ಪದಕ್ಕೆ ಬಂದು ನಿಂತೆವು. ಅವತ್ತಿನಿಂದ ಆ ಪುಸ್ತಕ ಇಡೀ ಬೇರೆಯೇ ಪುಸ್ತಕವಾಯಿತು. ಹಿಂದಿನ ಎರಡು ಅಧ್ಯಾಯ ಮತ್ತೆ ಓದಿದೆವು.

ಇಂಥ ಪದಗಳನ್ನು ನಾವು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇವೆ. ಈಗ ಎರಡನೇ ನೋಟ್‌ಬುಕ್ ಅರ್ಧ ತುಂಬಿದೆ.

ಪುಸ್ತಕದಲ್ಲಿ ಇರುವುದೇ ತಪ್ಪಾಗಿದ್ದರೆ?

ಆಗಬಹುದು. ವಿಜ್ಞಾನ, ಮನಃಶಾಸ್ತ್ರದ ಪುಸ್ತಕಗಳಲ್ಲಿ ಇದನ್ನು ನೋಡಲೇಬೇಕು. ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರ 2011ರ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' ತುಂಬಾ ಜನ ಓದಿದ ಪುಸ್ತಕ. ಕಣ್ಣಿಗೆ ಬಿದ್ದ ಪದಗಳು ನಮಗೆ ಅರಿವಿಲ್ಲದೆ ನಮ್ಮ ನಡವಳಿಕೆ ಬದಲಿಸುತ್ತವೆ ಅನ್ನುವ ಪ್ರಯೋಗಗಳು ಅದರ ನಾಲ್ಕನೇ ಅಧ್ಯಾಯದಲ್ಲಿವೆ. ಆಮೇಲೆ ಬೇರೆಯವರು ಅಂಥ ಪ್ರಯೋಗಗಳನ್ನು ಮತ್ತೆ ಮಾಡಿದಾಗ ಹಲವು ಕಡೆ ಅದೇ ಫಲಿತಾಂಶ ಬರಲಿಲ್ಲ. ಕಡಿಮೆ ಜನರ ಮೇಲೆ ಮಾಡಿದ ಅಧ್ಯಯನಗಳನ್ನು ತಾನು ಅತಿಯಾಗಿ ನಂಬಿದೆ ಅಂತ ಕಾನೆಮನ್ 2017ರಲ್ಲಿ ತಾವೇ ಒಪ್ಪಿಕೊಂಡರು. ಅಷ್ಟು ದೊಡ್ಡ ವಿದ್ವಾಂಸರು ಹಾಗೆ ಒಪ್ಪಿಕೊಂಡದ್ದು ನನಗೆ ಪುಸ್ತಕಕ್ಕಿಂತಲೂ ಜಾಸ್ತಿ ಕಲಿಸಿತು.

ಇದನ್ನು ಕಂಡುಹಿಡಿದದ್ದು ಮೇಷ್ಟ್ರು. ಆಮೇಲೆ ಕೆಲಸ ಹಂಚಿಕೊಂಡೆವು. ಪ್ರತಿ ಅಧ್ಯಾಯಕ್ಕೂ ಒಬ್ಬರು, ಪುಸ್ತಕ ಬಂದ ಮೇಲೆ ಆ ವಿಷಯದಲ್ಲಿ ಏನಾಗಿದೆ ಅಂತ ನೋಡಿಕೊಂಡು ಬರುತ್ತಾರೆ. ಒಬ್ಬರೇ ಓದುವಾಗ ಇಷ್ಟೆಲ್ಲ ಮಾಡಲು ಹೊತ್ತೂ ಇರುವುದಿಲ್ಲ, ಮನಸ್ಸೂ ಬರುವುದಿಲ್ಲ.

ಚಾಟ್‌ಬಾಟ್ ಜೊತೆ ಚರ್ಚಿಸಿದರೆ ಸಾಲದೇ?

ಹಿನ್ನೆಲೆ, ಪದದ ಅರ್ಥ ಕೇಳಲು ಬಳಸಿ. ಅದು ಹೇಳಿದ್ದನ್ನು ಪುಸ್ತಕದ ಜೊತೆ ಹೋಲಿಸಿ ನೋಡಿ. ಆದರೆ ಭಾನುವಾರ ಏಳೂವರೆಗೆ ಅದು ನಿಮಗಾಗಿ ಕಾಯುತ್ತಾ ಕೂತಿರುವುದಿಲ್ಲ. ನನ್ನನ್ನು ಶನಿವಾರ ರಾತ್ರಿ ಓದಿಸುವುದು ಮೇಷ್ಟ್ರು ಕಾಯುತ್ತಿರುತ್ತಾರೆ ಅನ್ನುವ ನೆನಪು.

ರಾಜಕೀಯದ ವಿಷಯ ಬಂದು ಜಗಳ ಆದರೆ?

ನಮಗೂ ಆಗಿದೆ. ಒಮ್ಮೆ ಎರಡು ವಾರ ಕೂರಲಿಲ್ಲ. ಆಮೇಲೆ ಒಂದು ನಿಯಮ ಮಾಡಿಕೊಂಡೆವು. ಧ್ವನಿ ಏರಿದರೆ ಯಾರಾದರೊಬ್ಬರು "ಪುಟ ಎಷ್ಟು?" ಅಂತ ಕೇಳಬೇಕು. ಆ ಮಾತು ಯಾವ ಪುಟದಲ್ಲಿದೆ ಅಂತ ತೋರಿಸಲು ಆಗದಿದ್ದರೆ ಅದನ್ನು ಚಹಾ ಹೊತ್ತಿಗೆ ಎತ್ತಿಡುತ್ತೇವೆ. ಅರ್ಧಕ್ಕರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ಉಳಿದರ್ಧ ನಡೆಯಬೇಕಾದದ್ದೇ.

ಅವರು ಓದದೆ ಬಂದರೆ?

ಒಂದೆರಡು ಸಲ ಎಲ್ಲರಿಗೂ ಆಗುತ್ತದೆ. ವಾಪಸ್ ಕಳಿಸಬೇಡಿ. ಅವತ್ತು ಇಬ್ಬರೂ ಅಲ್ಲೇ ಕೂತು ಜೋರಾಗಿ ಓದಿ. ಪದೇ ಪದೇ ಆದರೆ ಪುಟ ಕಡಿಮೆ ಮಾಡಿ, ಇಲ್ಲವೇ ಹದಿನೈದು ದಿನಕ್ಕೊಮ್ಮೆ ಸೇರಿ. ಅದಕ್ಕೂ ಆಗದಿದ್ದರೆ ಕೆಳಗಿನ ಕೊನೆಯ ಪ್ರಶ್ನೆ ನೋಡಿ.

ನಾನು ವಿದೇಶದಲ್ಲಿದ್ದೇನೆ. ಊರಿನವರ ಜೊತೆ ಓದಬಹುದೇ?

ಓದಬಹುದು, ಹೊತ್ತು ಹೊಂದಿಸಿಕೊಂಡರೆ. ಬೆಂಗಳೂರಿನ ಭಾನುವಾರ ಬೆಳಿಗ್ಗೆ ಏಳು ಗಂಟೆ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ಸಂಜೆ ಆರೂವರೆ. ಚಳಿಗಾಲದಲ್ಲಿ ಅವರ ಗಡಿಯಾರ ಬದಲಾಗುವುದರಿಂದ ಐದೂವರೆ. ಇಬ್ಬರಿಗೂ ಒಳ್ಳೆಯ ಹೊತ್ತು ಅದು. ನಿಮ್ಮ ಊರಿನ ಕನ್ನಡ ಕೂಟದಲ್ಲೂ ಕೇಳಿ ನೋಡಿ. ಇಬ್ಬರ ಬಳಿಯೂ ಒಂದೇ ಮುದ್ರಣ ಇರಲಿ. ಪುಟದ ಸಂಖ್ಯೆ ಬೇರೆಯಾದರೆ ಪ್ರತಿ ಸಲ ಹುಡುಕುವುದರಲ್ಲೇ ಕಾಲು ಗಂಟೆ ಹೋಗುತ್ತದೆ.

ಹೊಂದಿಕೆ ಆಗಲಿಲ್ಲ. ಬಿಡುವುದು ಹೇಗೆ?

ಅದಕ್ಕೇ ಮೊದಲು ಒಂದು ಅಧ್ಯಾಯ, ಆಮೇಲೆ ಒಂದು ಪುಸ್ತಕ ಅಂತ ಮಾತಾಡಿಕೊಳ್ಳುವುದು. ಪುಸ್ತಕ ಮುಗಿದ ದಿನ, "ಮುಂದಿನದು ನಾನು ಸ್ವಲ್ಪ ದಿನ ಬಿಟ್ಟು ಓದುತ್ತೇನೆ" ಅಂದರೆ ಯಾರಿಗೂ ನೋವಾಗುವುದಿಲ್ಲ. ನಡುವೆಯೇ ಬಿಡಬೇಕಾದರೆ ಫೋನ್ ಮಾಡಿ ಹೇಳಿ, ಉತ್ತರ ಕೊಡದೆ ಸುಮ್ಮನಾಗಬೇಡಿ. ಅವರು ನಿಮಗಾಗಿ ಓದಿಕೊಂಡು ಕೂತಿರುತ್ತಾರೆ. ಅವರ ಪುಸ್ತಕ ನಿಮ್ಮ ಹತ್ತಿರ ಇದ್ದರೆ ಅದೇ ವಾರ ವಾಪಸ್ ಕೊಡಿ, ನಿಮ್ಮ ಪೆನ್ಸಿಲ್ ಗುರುತುಗಳನ್ನು ಅಳಿಸಬೇಕಾ ಅಂತ ಒಮ್ಮೆ ಕೇಳಿ. ನನ್ನ ಮೊದಲ ಜೊತೆಗಾರರು "ಬೇಡ, ಇರಲಿ ಬಿಡಿ" ಅಂದಿದ್ದರು.